ಅಂಕಣ ಬಂದ ಮೇಲೆ ಅಕ್ಕ ಬರಲಿಲ್ಲ

ಇಪ್ಪತ್ತು ವರ್ಷದಿಂದ ಕಾರವಾರದ ಒಂದು ಪತ್ರಿಕೆಗೆ ವಾರಕ್ಕೊಂದು ಅಂಕಣ ಬರೆಯುತ್ತಿದ್ದೇನೆ. ಅಭಿಪ್ರಾಯ ಹೇಳುವುದೇ ನನ್ನ ಹೊಟ್ಟೆಪಾಡು. ಅವರ್ಸಾದ ನಮ್ಮ ಕೇರಿಯಲ್ಲಿ ಇದನ್ನೊಂದು ಕೆಲಸವೆಂದು ಯಾರೂ ಒಪ್ಪಿಲ್ಲ. "ಕೂತಲ್ಲೇ ಊರಿಗೆಲ್ಲ ಬುದ್ಧಿ ಹೇಳೂದು, ಅದಕ್ಕೆ ಪಗಾರ ಬೇರೆ!" ಎಂದು ಬಸ್ಸಿನಲ್ಲಿ ಛೇಡಿಸುತ್ತಾರೆ. ಛೇಡಿಸಲಿ. ನಾನೂ ಸುಮ್ಮನಿರುವವಳಲ್ಲ, ತಿರುಗಿ ಅಂದೇ ಅನ್ನುತ್ತೇನೆ.

ಹೋದ ವರ್ಷ ಲೈಟ್ ಫಿಶಿಂಗ್ ಬಗ್ಗೆ ಬರೆದೆ. ಸರ್ಕಾರ ನಿಷೇಧಿಸಿದ್ದರೂ ಕೆಲವು ಬೋಟಿನವರು ನಡುಸಮುದ್ರದಲ್ಲಿ ಕಣ್ಣು ಕುಕ್ಕುವ ದೀಪ ಹಾಕಿ, ಬೆಳಕಿಗೆ ಬಂದ ಮೀನನ್ನು ಮರಿಗಳ ಸಮೇತ ಬಾಚಿಕೊಳ್ಳುತ್ತಾರೆ. ಸಣ್ಣ ದೋಣಿಯವರ ಬಲೆಗೆ ಏನೂ ಉಳಿಯುವುದಿಲ್ಲ. ಸಿಟ್ಟು ಬಂತು, ಬರೆದೆ. ಯಾರ ಹೆಸರೂ ಹಾಕಲಿಲ್ಲ. ಆದರೆ ಆ ದೀಪದ ಜನರೇಟರನ್ನು ಬೋಟಿನಲ್ಲಿ ಎಲ್ಲಿ ಅಡಗಿಸಿಡುತ್ತಾರೆ ಎಂಬುದನ್ನು ಬರೆದಿದ್ದೆ. ಬರೆದದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಇವತ್ತು ಕೇಳಿದರೂ ಅದನ್ನೇ ಬರೆಯುತ್ತೇನೆ.

ಅಂಕಣದ ಫೋಟೊ ಎಲ್ಲರ ಮೊಬೈಲಿಗೂ ಹೋಯಿತು. ನಿಜವೋ ಸುಳ್ಳೋ ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದು ಒಂದೇ: "ಇವ್ಳಿಗೆ ಹೇಳ್ದವರು ಯಾರು?"

ನಮ್ಮ ಮನೆಗೆ ಹಾರವಾಡದಿಂದ ಮೀನು ತರುವ ಅಕ್ಕನೊಬ್ಬಳಿದ್ದಳು. ನಾನು ಶಾಲೆಗೆ ಹೋಗುವಾಗಿನಿಂದ ಬರುತ್ತಿದ್ದವಳು. ಲಕ್ವ ಹೊಡೆದು ಅವ್ವ ಮಂಚ ಹಿಡಿದ ಮೇಲಂತೂ, ಬುಟ್ಟಿ ಜಗಲಿಯ ಮೇಲಿಟ್ಟು ಒಳಗೇ ಬಂದು ಕೂತುಬಿಡುತ್ತಿದ್ದಳು. ಅವ್ವನಿಗೆ ಹೊರಗಿನ ಲೋಕ ಅಂದರೆ ಅವಳೇ. ಅಕ್ಕನ ಮಗ ಅಂಥದೇ ಒಂದು ಬೋಟಿಗೆ ಕೆಲಸಕ್ಕೆ ಹೋಗುತ್ತಿದ್ದ. ನನಗೆ ಸುದ್ದಿ ಕೊಟ್ಟವಳು ಖಂಡಿತ ಅವಳಲ್ಲ. ಆದರೆ ದಿನಾ ನಮ್ಮ ಮನೆಯಲ್ಲಿ ಕೂರುತ್ತಿದ್ದವಳು ಅವಳೊಬ್ಬಳೇ.

ಅಂಕಣ ಬಂದ ಮರುದಿನ ಅವಳು ರಸ್ತೆಯ ಆಚೆ ಬದಿಯಿಂದ ಹೋದಳು. ಕೂಗಿದರೂ ತಿರುಗಲಿಲ್ಲ.

"ಅವ್ಳು ಬಂದ್ಳನೇ?" ಎಂದು ಅವ್ವ ದಿನಾ ಬೆಳಿಗ್ಗೆ ಕೇಳುತ್ತಿದ್ದಳು. ಜ್ವರವಂತೆ, ಮಗಳ ಮನೆಗೆ ಹೋಗಿದ್ದಾಳಂತೆ ಎಂದು ಏನೇನೋ ಹೇಳಿದೆ. ಅಂಕೋಲಾ ಪೇಟೆಯಿಂದ ಅವ್ವನಿಗೆ ಇಷ್ಟವಾದ ನೊಗಲಿ ಮೀನು ತಂದು ಸಾರು ಮಾಡಿದೆ. ಅವ್ವ ಗೋಡೆಯ ಕಡೆ ಮುಖ ಮಾಡಿದಳು. "ನಂಗೆ ಮೀನು ಬೇಡ್ವೇ. ಅವ್ಳು ಬೇಕು."

ತಡೆಯಲಾಗದೆ ಹಾರವಾಡಕ್ಕೆ ಹೋದೆ. ಅಕ್ಕ ಅಂಗಳದಲ್ಲಿ ಮೀನು ಒಣಗಿಸುತ್ತಿದ್ದಳು. ನನ್ನನ್ನು ನೋಡಿದ್ದೇ, ಅಕ್ಕಪಕ್ಕದ ಮನೆಗಳ ಕಡೆ ಕಣ್ಣು ಹಾಯಿಸಿದಳು.

"ನೀ ಎಂತಕ್ಕೆ ಬಂದೆ ತಂಗಿ? ಮಗನ್ನ ಬೋಟಿಂದ ಇಳಿಸ್ತೇವೆ ಅಂದಾರೆ. ನಾನೇ ಹೇಳ್ದವಳು ಅಂತ."

"ಹೇಳಿದ್ದು ನೀನಲ್ಲ ಅಂತ ಮುಂದಿನ ವಾರವೇ ಬರೀತೇನೆ."

"ಅಯ್ಯೋ ಮಾರಾಯ್ತಿ, ಬರ್ದರೆ ನಾನೇ ಅಂತ ಖಾತ್ರಿ ಆಗ್ತದೆ! ನಿಂಗೆ ಕೈ ಮುಗಿತೆ, ಎಂತದೂ ಬರಿಬೇಡ."

ಇಷ್ಟು ವರ್ಷ ನನಗೆ ಗೊತ್ತಿದ್ದದ್ದು ಬರೆಯುವುದೊಂದೇ. ಅದನ್ನೂ ಬೇಡ ಅಂದಳು. "ಅವ್ವ ಹೆಚ್ಚು ದಿನ ಇರೂದಿಲ್ಲ. ಒಂದ್ಸಲ ಬಂದು ಹೋಗು, ಸಾಕು" ಎಂದೆ. ಅವಳು ಬಗ್ಗಿ ಮೀನು ಮಗುಚತೊಡಗಿದಳು. ವಾಪಸ್ ಬರುವಾಗ ರಿಕ್ಷಾದಲ್ಲಿ ಅಳು ಬಂತು. ಬೋಟಿನವರ ಮೇಲೆ, ಅವಳ ಮೇಲೆ, ಎಲ್ಲರ ಮೇಲೂ ಸಿಟ್ಟಿತ್ತು.

ಮಳೆಗಾಲ ಶುರುವಾಗುವ ಮೊದಲೇ ಅವ್ವ ಹೋದಳು. ಕೊನೆಯ ದಿನಗಳಲ್ಲಿ ಅವಳು ಬಂದಳೇ ಎಂದು ಕೇಳುವುದನ್ನೂ ಬಿಟ್ಟಿದ್ದಳು.

ಹೆಣ ಇನ್ನೂ ಎತ್ತಿರಲಿಲ್ಲ. ಅಕ್ಕ ಎಲ್ಲರೆದುರೇ ಅಂಗಳ ದಾಟಿ ಬಂದಳು. "ಈಗ ಬಂದ್ಯಾ?" ಎಂದೆ.

"ಈಗ ಬರೂಕಾಗ್ತದೆ ತಂಗಿ. ಸತ್ತ ಮನೆಗೆ ಎಂತಕ್ಕೆ ಹೋದೆ ಅಂತ ಯಾರೂ ಕೇಳೂದಿಲ್ಲ."

ಅವ್ವನ ತಲೆಯ ಹತ್ತಿರ ಕೂತು, ಸೀರೆಯ ಸೆರಗಿನಿಂದ ಅವಳ ಹಣೆ ಒರೆಸಿದಳು. ಆಮೇಲೆ ಸಣ್ಣ ದನಿಯಲ್ಲಿ ಅಷ್ಟೂ ದಿನದ ಸುದ್ದಿ ಹೇಳತೊಡಗಿದಳು. ಯಾರ ಮನೆಯಲ್ಲಿ ಮದುವೆಯಾಯಿತು, ಯಾರಿಗೆ ಕೂಸು ಹುಟ್ಟಿತು, ಎಲ್ಲ. ಕೇಳಬೇಕೆಂದು ನಾನು ಹತ್ತಿರ ಹೋಗಿ ಕೂತೆ.

ಅವಳು ತಟ್ಟನೆ ಬಾಯಿ ಮುಚ್ಚಿದಳು.

ನಾನು ಎದ್ದು ಅಂಗಳಕ್ಕೆ ಹೋದೆ. ನಾನು ಹೊರಗೆ ಬಂದ ಮೇಲೆ ಅವಳ ದನಿ ಮತ್ತೆ ಕೇಳಿಸಿತು.