ಫೋಟೋದಲ್ಲಿ ಇಲ್ಲದ ಇಸ್ತ್ರಿ ಮೇಜು

ಇಸ್ತ್ರಿ ಅತ್ತೆ ಯಾರಿಗೂ ಅತ್ತೆಯಲ್ಲ. ಹಳೇ ಓಣಿಯ ಮೂರನೇ ಮನೆಯ ಕಲ್ಲುಮೆಟ್ಟಿಲ ಕೆಳಗೆ ಇಪ್ಪತ್ತೆಂಟು ವರ್ಷ ಮೇಜು ಹಾಕಿಕೊಂಡು ನಿಂತವಳಿಗೆ, ಜನ ಕರೆದು ಕರೆದು ಅಂಟಿದ ಸಂಬಂಧ ಅದು. ಅಂಗಿಯ ಕಾಲರ್ ನೋಡಿಯೇ ಯಾರಿಗೆ ಕೆಲಸ ಹೋಗಿದೆ, ಯಾವ ಗಂಡಹೆಂಡಿರಲ್ಲಿ ಮಾತು ನಿಂತಿದೆ ಎಂದು ತಿಳಿಯುತ್ತಿದ್ದಳು. ತಿಳಿದದ್ದನ್ನು ಬಟ್ಟೆಯ ಮಡಿಕೆಯೊಳಗೇ ಇಟ್ಟು ಕಳಿಸುತ್ತಿದ್ದಳು. ಓಣಿಯ ಅರ್ಧ ಮನೆಗಳ ಎರಡನೇ ಕೀಲಿ ಅವಳ ಬೆನ್ನ ಹಿಂದಿನ ಮೊಳೆಗಳಲ್ಲಿ ನೇತಾಡುತ್ತಿತ್ತು.

ಹೀಗಿರಲು ಓಣಿಗೆ ಪರಂಪರೆ ಅಮರಿಕೊಂಡಿತು. ಅದನ್ನು ಉಳಿಸಲು ಒಂದು ಸಮಿತಿ ಹುಟ್ಟಿತು. ಅಧ್ಯಕ್ಷರು ಲಿಫ್ಟ್ ಇರುವ ಹೊಸ ಬಡಾವಣೆಯವರು. ಹಳೇ ಮನೆಗಳ ಮೇಲೆ ಅವರಿಗಿದ್ದಷ್ಟು ಪ್ರೀತಿ, ಸೋರುವ ಸೂರಿನಡಿ ಒಂದು ದಿನವೂ ಇರದವರಿಗಷ್ಟೇ ಸಾಧ್ಯ. ಎಲ್ಲಿಂದಲೋ ನೂರು ವರ್ಷ ಹಿಂದಿನ ಒಂದು ಫೋಟೋ ತಂದು, ಓಣಿ ಹೀಗೇ ಇರತಕ್ಕದ್ದು, ಇದರಲ್ಲಿ ಇಲ್ಲದ್ದೆಲ್ಲ ತೊಲಗತಕ್ಕದ್ದು ಎಂದು ಅಪ್ಪಣೆ ಹೊರಡಿಸಿದರು. ಓಣಿಯವರು ಅದಕ್ಕೆ ಸಾಲಾಗಿ ಸಹಿ ಹಾಕಿದರು. ಓದಿ ಸಹಿ ಹಾಕುವ ಕೆಟ್ಟ ಚಾಳಿ ನಮ್ಮಲ್ಲಿ ಯಾರಿಗೂ ಇಲ್ಲ.

ಅತ್ತೆ ಕನ್ನಡಕ ಏರಿಸಿ ಫೋಟೋ ನೋಡಿದಳು. ಅವಳ ಮೇಜು ಇರಲಿಲ್ಲ, ಸರಿ. ಒಂದು ನರಪಿಳ್ಳೆಯೂ ಇರಲಿಲ್ಲ.

"ಜನ ಎಲ್ಲಿ ಸ್ವಾಮಿ?"

ಮುಂಜಾನೆ ತೆಗೆದ ಫೋಟೋ, ಜನ ಇನ್ನೂ ಎದ್ದಿರಲಿಲ್ಲ ಎಂದು ಅಧ್ಯಕ್ಷರು ದಡ್ಡ ಮಗುವಿಗೆ ಹೇಳುವಂತೆ ಹೇಳಿದರು. ಎದ್ದ ಮೇಲೆ ಅವರೆಲ್ಲ ಬಟ್ಟೆ ಹಾಕಿಕೊಳ್ಳುತ್ತಿದ್ದರೋ ಇಲ್ಲವೋ ಎಂದು ಅವಳು ಕೇಳಿದಳು. ಸೋಮವಾರದೊಳಗೆ ಜಾಗ ಖಾಲಿಯಾಗಬೇಕು ಎಂಬ ಉತ್ತರ ಬಂತು.

ಭಾನುವಾರ ಅವಳು ಮೇಜನ್ನು ಹಿಂದಿನ ಬೀದಿಯ ಸೈಕಲ್ ಅಂಗಡಿ ಪಕ್ಕಕ್ಕೆ ಸಾಗಿಸಿ, ಕೀಲಿಗಳನ್ನೆಲ್ಲ ಸೆರಗಿಗೆ ಕಟ್ಟಿಕೊಂಡು ಮನೆಮನೆಗೆ ಕೊಡಲು ಹೊರಟಳು. ಎಲ್ಲರೂ ಲೊಚಗುಟ್ಟಿದರು. ಅವಳಿಗಾಗಿ ಏನು ಬೇಕಾದರೂ ಮಾಡಲು ಸಿದ್ಧರಿದ್ದರು, ಸಮಿತಿಯ ಮುಂದೆ ಬಾಯಿ ಬಿಡುವುದೊಂದನ್ನು ಬಿಟ್ಟು. ಮೆಟ್ಟಿಲ ಮನೆಯ ಒಂಟಿ ಅಜ್ಜಿ, ಎರಡು ಮಂಡಿಯೂ ಕೈಕೊಟ್ಟವಳು, ಕೀಲಿ ಮುಟ್ಟಲೇ ಇಲ್ಲ.

"ನೀನೇ ಇಟ್ಕೊಳ್ಳೇ. ನಾನು ಒಳಗೆ ಬಿದ್ರೆ ಬಾಗಿಲು ಯಾರು ತೆಗೀಬೇಕು?"

"ಸಮಿತಿಯೋರು ತೆಗೀತಾರೆ ಅಜ್ಜಿ. ಬೀಳೋದೇನಿದ್ರೂ ಆಫೀಸ್ ಟೈಮಲ್ಲಿ ಬೀಳಿ."

ಕೀಲಿಯನ್ನು ಕಿಟಕಿಯ ಮೇಲಿಟ್ಟು ಅತ್ತೆ ಇಳಿದುಬಂದಳು. ಅಜ್ಜಿ ಮೊದಲು ಸಮಿತಿಯನ್ನು ಬೈದಳು, ಆಮೇಲೆ ಅತ್ತೆಯ ಕೊಬ್ಬನ್ನು ಬೈದಳು. ತನ್ನ ಸಹಿಯ ಸುದ್ದಿಗೆ ಮಾತ್ರ ಹೋಗಲಿಲ್ಲ.