ಡ್ರಾಯಿಂಗ್ ಹಾಳೆಗೂ ಮುಯ್ಯಾಳು

ಐವತ್ತರ ದಶಕದ ಕೊನೆಗೆ ನಮ್ಮ ಶಿಕಾರಿಪುರ, ಸೊರಬದ ಕಡೆಯಿಂದ ಇಂಜಿನಿಯರಿಂಗ್ ಓದಲು ಹೊರಟವನಿಗೆ ಮದುಮಗನಿಗಿಂತ ಹೆಚ್ಚಿನ ಮರ್ಯಾದೆ. ಆದರೆ ಹಿಂದಿನ ವರ್ಷ ಹೋಗಿದ್ದವನೊಬ್ಬ ದೀಪಾವಳಿಗೆ ಬಂದವನು ಮತ್ತೆ ಬಸ್ಸು ಹತ್ತಿರಲಿಲ್ಲ. ಕೇಳಿದವರಿಗೆ ಹೊಟ್ಟೆನೋವು ಎಂದಿದ್ದ. ಇದರಿಂದ ತಾಲ್ಲೂಕಿನ ಮಾನ ಹೋಯಿತೆಂದು ಎಲ್ಲರಿಗಿಂತ ಹೆಚ್ಚು ನೊಂದವರು ಶಿಕಾರಿಪುರದ ಒಬ್ಬ ನಿವೃತ್ತ ಓವರ್‌ಸಿಯರ್. ತಾವು ಕಟ್ಟಿಸಿದ ಮೋರಿ ಮೊದಲ ಮಳೆಗೇ ಕೊಚ್ಚಿಹೋದಾಗಲೂ ಅವರು ಅಷ್ಟು ನೊಂದಿರಲಿಲ್ಲ.

ಮರುವರ್ಷ ಸೇರಲಿದ್ದ ನಾಲ್ವರನ್ನು ಅವರು ತಮ್ಮ ಮನೆಯ ಜಗಲಿಗೆ ಕರೆಸಿದರು. ಸೊರಬದ ಕಡೆಯ ಇಬ್ಬರು, ತಾಳಗುಂದದವನೊಬ್ಬ, ತೊಗರ್ಸಿಯ ನಾನು. ಮಂಡಕ್ಕಿ ಕೊಟ್ಟು ಸಂಘ ಕಟ್ಟಿದರು. ಅಧ್ಯಕ್ಷರು ಅವರೇ.

“ಒಬ್ಬ ಎಡವಿದ್ರೆ ಉಳಿದೋರು ಹಿಡೀಬೇಕು ಕಣ್ರಪಾ. ಒಂದೇ ರೂಮಲ್ಲಿ ಇರ್ರಿ, ಒಟ್ಟಿಗೇ ಓದ್ರಿ,” ಎಂದರು.

ನನಗಂತೂ ಎಡವುವ ಸೌಕರ್ಯವೇ ಇರಲಿಲ್ಲ. ಹೊರಡುವಾಗ ಅಪ್ಪ ಹೇಳಿದ್ದ: “ಒಂದು ವರ್ಷ ನೋಡ್ತೀನಿ. ಫೇಲಾದ್ಯೋ, ಗದ್ದೆ ಕಾಯ್ತಿರ್ತತಿ.”

ಕಾಲೇಜಿನಲ್ಲಿ ಮೊದಲ ವಾರವೇ, ಕೊಟ್ಟ ಕೆಲಸದ ರಾಶಿಗೆ ನಾಲ್ವರೂ ಒಟ್ಟಿಗೇ ಎಡವಿದೆವು. ಇನ್ನು ಹಿಡಿಯುವವರು ಯಾರು? ಸೊರಬದ ಇಬ್ಬರಲ್ಲಿ ದೊಡ್ಡವನಿಗೆ ಉಪಾಯ ಹೊಳೆಯಿತು.

“ಗದ್ದೆಗೆ ಮುಯ್ಯಾಳು ಮಾಡ್ಕಳಲ್ವನಾ? ಇವತ್ತು ನಾವು ಅವ್ರ ಗದ್ದೆಗೆ, ನಾಳೆ ಅವ್ರು ನಮ್ ಗದ್ದೆಗೆ. ಹಂಗೇ ಮಾಡಿದ್ರಾತು ಮಾರಾಯ!”

ರೈತರ ಮಕ್ಕಳಿಗೆ ಇದಕ್ಕಿಂತ ಬೇರೆ ವಿವರಣೆ ಬೇಕಿರಲಿಲ್ಲ. ನನ್ನ ಗೆರೆ ನೆಟ್ಟಗೆ ಬರುತ್ತಿತ್ತು, ಹಾಗಾಗಿ ನಾಲ್ವರ ಡ್ರಾಯಿಂಗ್ ಹಾಳೆಗಳೂ ನನ್ನ ಪಾಲು. ಲೆಕ್ಕವೆಲ್ಲ ದೊಡ್ಡವನದು. ಅವನ ಜೊತೆಯವನು ಎಲ್ಲರ ವಿಜ್ಞಾನದ ರೆಕಾರ್ಡು ಬರೆದ. ತಾಳಗುಂದದವನು ವರ್ಕ್‌ಷಾಪಿನಲ್ಲಿ ನಾಲ್ವರ ಕಬ್ಬಿಣವನ್ನೂ ಅರ ಹಾಕಿ ಉಜ್ಜಿ ಉಜ್ಜಿ ಒಳ್ಳೆಯ ತೋಳು ಬೆಳೆಸಿಕೊಂಡ. ಮೇಷ್ಟರುಗಳು ಮೆಚ್ಚಿದರು. ರಜೆಗೆ ಬಂದಾಗ ಓವರ್‌ಸಿಯರು ನಮ್ಮನ್ನು ಬಸ್‌ಸ್ಟ್ಯಾಂಡಿನಲ್ಲೇ ಸಾಲಾಗಿ ನಿಲ್ಲಿಸಿ, ಸಂತೆಯಲ್ಲಿ ಹೋರಿ ತೋರಿಸುವಂತೆ ಬಂದವರಿಗೆಲ್ಲ ತೋರಿಸಿದರು.

“ಸಂಘ ಅಂದ್ರೆ ಇದು ನೋಡ್ರೀ!”

ನಾವೂ ಹೋರಿಗಳ ಹಾಗೇ ಎದೆಯುಬ್ಬಿಸಿ ನಿಂತಿದ್ದೆವು.

ಪರೀಕ್ಷೆಯಲ್ಲಿ ಮಾತ್ರ ನಮ್ಮನ್ನು ಬೇರೆ ಬೇರೆ ಬೆಂಚಿಗೆ ಕೂರಿಸಿದರು. ಇಂಥದೊಂದು ಅನ್ಯಾಯ ಇರಬಹುದೆಂದು ವರ್ಷವಿಡೀ ಒಬ್ಬನಿಗೂ ಹೊಳೆದಿರಲಿಲ್ಲ. ಲೆಕ್ಕದ ಪ್ರಶ್ನೆಪತ್ರಿಕೆಯಲ್ಲಿ ನನಗೆ ಒಂದೂ ಬರುತ್ತಿರಲಿಲ್ಲ. ಸುಮ್ಮನೆ ಕೂರಲಾಗದೆ ಉತ್ತರದ ಹಾಳೆಯಲ್ಲಿ ಒಂದು ಅಂದವಾದ ವೃತ್ತ ಬರೆದೆ.

ಫಲಿತಾಂಶ ಬಂತು. ನಾನು ಡ್ರಾಯಿಂಗಿನಲ್ಲಿ ಪಾಸು, ಮಿಕ್ಕದ್ದರಲ್ಲಿ ಡುಮ್ಕಿ. ಉಳಿದ ಮೂವರೂ ತಮ್ಮ ತಮ್ಮ ಪಾಲಿನದರಲ್ಲಿ ಮಾತ್ರ ಪಾಸು. ನಾಲ್ವರನ್ನೂ ಸೇರಿಸಿ ಹೊಲಿದಿದ್ದರೆ ಒಬ್ಬ ಒಳ್ಳೆಯ ಇಂಜಿನಿಯರ್ ಆಗುತ್ತಿದ್ದ.

ಮುಖ ಇಳಿಬಿಟ್ಟುಕೊಂಡು ಓವರ್‌ಸಿಯರ ಮನೆಗೆ ಹೋದೆ. ಜಗಲಿಯಲ್ಲಿ ಮುಂದಿನ ವರ್ಷಕ್ಕೆ ಸೇರಲಿದ್ದ ಹುಡುಗರು ಆಗಲೇ ಮಂಡಕ್ಕಿ ಮುಕ್ಕುತ್ತಿದ್ದರು.

“ಸಂಘದ್ದೇನೂ ತಪ್ಪಿಲ್ಲ. ಫೇಲಾದೋರು ನೀವು,” ಎಂದರು ಓವರ್‌ಸಿಯರು. ನನಗೆ ಮೈಯೆಲ್ಲ ಉರಿಯಿತು, ಆದರೂ ಕೊಟ್ಟ ಮಂಡಕ್ಕಿ ತಿಂದೆ.

ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗದ್ದೆಗೆ ಕರೆದುಕೊಂಡು ಹೋದ. ಅಕ್ಕಪಕ್ಕದವರು ಮುಯ್ಯಾಳಿಗೆ ಬಂದು ಕಳೆ ಕೀಳುತ್ತಿದ್ದರು.

“ನಿನ್ ಗೆರೆ ನೆಟ್ಟಗೆ ಬರ್ತತಂತಲ್ಲ, ಆ ಸಾಲು ಹಿಡಿ,” ಎಂದ.

ಹಿಡಿದೆ. ಮತ್ತೆ ಬಸ್ಸು ಹತ್ತಲಿಲ್ಲ. ಕೇಳಿದವರಿಗೆ ಹೊಟ್ಟೆನೋವು ಎಂದೆ.