ಗಟಾರದ ಇಂಜಿನಿಯರ್

ಕಾನ್ಪುರದಲ್ಲಿ ಮೊದಲ ದಿನ ನನ್ನ ಕೈಗೆ ಪುಸ್ತಕ ಬರಲಿಲ್ಲ, ಖಾಲಿ ಬಾಟಲಿ ಬಂತು. ಚರ್ಮ ಹದ ಮಾಡುವ ಕಾರ್ಖಾನೆಗಳ ಹಿಂದೆ ಹರಿಯುವ ನೀಲಿಗಪ್ಪು ನೀರಿನ ಮುಂದೆ ನಿಲ್ಲಿಸಿ ಪ್ರೊಫೆಸರರು ‘ಸೂಂಘೋ’ ಎಂದರು. ಮೂಸಿ ನೋಡು ಎಂದರ್ಥ. ಮೂಸಿದೆ, ಬೆಳಗಿನ ತಿಂಡಿಯೆಲ್ಲ ಹೊರಗೆ ಬಂತು.

ಆ ಹೊತ್ತಿಗೆ ಶರಣಪ್ಪ ಗಂಗಾವತಿಯ ಕಾಲುವೆ ದಂಡೆಯ ಮೇಲೆ ಇಲಾಖೆಯ ಜೀಪಿನಲ್ಲಿ ಓಡಾಡುತ್ತಿದ್ದ. ನಾವಿಬ್ಬರೂ ಕುಷ್ಟಗಿ ಕಡೆಯ ಒಂದೇ ಹಳ್ಳಿಯವರು, ಒಂದೇ ಕೋಣೆಯಲ್ಲಿದ್ದು ಸಿವಿಲ್ ಇಂಜಿನಿಯರಿಂಗ್ ಓದಿದವರು. ಅವನು ನೀರಾವರಿ ಇಲಾಖೆ ಸೇರಿದ. ನಾನು ಪರಿಸರ ಇಂಜಿನಿಯರಿಂಗ್ ಎಂಬ, ಊರಲ್ಲಿ ಯಾರೂ ಕೇಳಿರದ ವಿದ್ಯೆಯ ಬೆನ್ನು ಹತ್ತಿ ಇಲ್ಲಿಗೆ ಬಂದೆ.

ಕೋಣೆ ಸಿಕ್ಕಿತು, ಹಿಂದಿ ನಾಲಿಗೆಗೆ ಹತ್ತಿತು, ಜೋಳದ ರೊಟ್ಟಿ ಇಲ್ಲದ ಊಟವೂ ರೂಢಿಯಾಯಿತು. ಹೊಟ್ಟೆಕಿಚ್ಚು ಮಾತ್ರ ಹೋಗಲಿಲ್ಲ. ಅವ್ವ ಬರೆಸುವ ಕಾಗದದ ತುಂಬ ಶರಣಪ್ಪನೇ. ರಜೆಗೆ ಊರಿಗೆ ಹೋದಾಗ ಅವನನ್ನು ಕಂಡು ಕಟ್ಟೆಯ ಮೇಲಿದ್ದವರು ಎದ್ದು ನಿಂತರು. ಗೌಡರು ನನ್ನ ಕಡೆ ತಿರುಗಿದರು.

‘ನೀ ಏನ್ ಕೆಲಸ ಮಾಡ್ತೀಯಪಾ?’

‘ಹೊಲಸು ನೀರು ಪರೀಕ್ಷಾ ಮಾಡ್ತೀನ್ರಿ.’

‘ಅದಕ್ಕ ಅಷ್ಟು ದೂರ ಹೋಗಬೇಕಿತ್ತೇನು? ನಮ್ಮ ಗಟಾರ ಇಲ್ಲೇ ಐತಲ್ಲ!’

ಎಲ್ಲರೂ ನಕ್ಕರು. ಶರಣಪ್ಪ ನಗಲಿಲ್ಲ. ಅದಕ್ಕೂ ನನಗೆ ಸಿಟ್ಟು ಬಂತು.

ಮರುದಿನ ಅಣ್ಣನ ಮಗಳ ಹಲ್ಲಿನ ಮೇಲೆ ಕಂದು ಗೆರೆಗಳನ್ನು ಕಂಡೆ. ಅವಳು ಹುಟ್ಟುವ ಮುಂಚಿನಿಂದಲೂ ಊರು ಕುಡಿಯುತ್ತಿದ್ದ ಬೋರಿನ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಕಾನ್ಪುರಕ್ಕೆ ತಂದು ಪರೀಕ್ಷಿಸಿದೆ. ಫ್ಲೋರೈಡ್ ಮಿತಿ ಮೀರಿತ್ತು. ಹಲ್ಲಿಗಷ್ಟೇ ಅಲ್ಲ, ಮೂಳೆಗೂ ಕೇಡು. ನಾನು ಓದಿದ್ದು ಯಾತಕ್ಕೆಂದು ನನಗೇ ತಿಳಿದದ್ದು ಆ ದಿನ. ಆದರೆ ಇಷ್ಟು ದೂರದಿಂದ ನನ್ನಿಂದೇನು ಮಾಡಲಾದೀತು? ಶರಣಪ್ಪನಿಗೇ ಬರೆಯಬೇಕು. ಒಳ್ಳೆಯ ಹೆಸರು ಅವನಿಗೆ ಬರುತ್ತದೆಂದು ಮೂರು ದಿನ ತಡೆದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನಾಲ್ಕನೆಯ ದಿನ ಬರೆದೆ.

ಅವನು ಕಚೇರಿಗಳಿಗೆ ಅಲೆದು ಹಳೆಯ ಸೇದುವ ಬಾವಿಯ ಹೂಳು ತೆಗೆಸಿದ, ಅದರ ನೀರನ್ನು ನನಗೆ ಕಳಿಸಿದ. ಕುಡಿಯಲು ಯೋಗ್ಯವೆಂದು ಬರೆದೆ. ಊರು ಅವನಿಗೆ ಹಾರ ಹಾಕಿತು. ಅವ್ವ ಬರೆಸಿದಳು: ‘ಶರಣಪ್ಪ ಮಂದಿ ಮುಂದ ನಿನ್ನ ಹೆಸರೂ ಹೇಳ್ಯಾನ. ನೀ ಮಾಡಿದ್ದೇನಂತ ಯಾರಿಗೂ ತಿಳೀಲಿಲ್ಲ.’

ಈಗ ಇಲ್ಲಿಯ ಕಾರ್ಖಾನೆಗಳು ನೀರನ್ನು ಶುದ್ಧ ಮಾಡಿಯೇ ನದಿಗೆ ಬಿಡುವಂತೆ ನೋಡಿಕೊಳ್ಳುವುದು ನನ್ನ ನೌಕರಿ. ‘ನಮ್ಮ ಕಡೆನೂ ಇಂಥಾ ಕೆಲಸ ಭಾಳ ಐತಿ, ಬಂದಬಿಡಲೇ’ ಎಂದು ಶರಣಪ್ಪ ಬರೆದಿದ್ದಾನೆ. ಅಲ್ಲಿಯ ಕೆಲಸಕ್ಕೆ ಅರ್ಜಿ ಬರೆದಿಟ್ಟಿದ್ದೇನೆ, ಕಳಿಸಿಲ್ಲ. ಹೊರಟರೆ ಇಲ್ಲಿಯ ಕೆಲಸ ಅರ್ಧಕ್ಕೆ ನಿಂತೀತು ಅನಿಸುತ್ತದೆ. ಉಳಿದರೆ, ಭಾನುವಾರಕ್ಕೊಮ್ಮೆ ನಮ್ಮ ಮನೆಗೆ ಹೋಗಿ ಅವ್ವನ ಕೈಯಿಂದ ಆ ಬಾವಿಯ ನೀರು ಕುಡಿಯುವವನು ಅವನು ಎಂದು ಹೊಟ್ಟೆ ಉರಿಯುತ್ತದೆ.